ಅಕ್ಕನ ವಿಮಾನ, ನನ್ನ ಒಂದು ಮೊಳ ದಾರ

ಈ ಭೂಮಂಡಲದ ಮೇಲೆ ಯಾವುದಾದರೂ ಎರಡು ವಿಮಾನ ನಿಲ್ದಾಣಗಳನ್ನು ತೋರಿಸಿ. ನಡುವಿನ ದೂರವೆಷ್ಟು, ಅಲ್ಲಿ ಹಾರಿದ ವಿಮಾನ ಇಲ್ಲಿ ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನು ಒಂದು ಮೊಳ ದಾರ, ಒಂದು ಅಡಿಪಟ್ಟಿ, ಒಂದು ತುಂಡು ಪೆನ್ಸಿಲ್ಲು ಇಷ್ಟರಲ್ಲೇ ಹೇಳಿಬಿಡುತ್ತೇನೆ!

ಹೀಗೆಂದು ಕಳೆದ ತಿಂಗಳವರೆಗೂ ನಾನು ಕಂಡಕಂಡವರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದೆ. ಈಗ ತಟ್ಟಿಕೊಳ್ಳುವುದಿಲ್ಲ. ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ, ಏಕೆಂದರೆ ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವಾಗ ಅಭಿನಯವೂ ಇರುತ್ತದೆ.

ನಾನು ನಗರಸಭೆಯ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಬೆನ್ನು ಬಗ್ಗಿಸಿ ಗೆರೆ ಎಳೆದವನು. ಈ ಊರಿನ ಯಾವ ಚರಂಡಿ ಯಾವ ರಸ್ತೆಯ ಅಡಿಯಲ್ಲಿ ನುಸುಳಿ ಯಾವ ದೊಡ್ಡ ಚರಂಡಿಯನ್ನು ಸೇರುತ್ತದೆ ಎಂಬುದು ನನಗೆ ಅಂಗೈ ಗೆರೆಯಷ್ಟು ಪರಿಚಿತ. ನಾನು ಬರೆದ ನಕ್ಷೆಗಳಲ್ಲಿ ಅತ್ಯಂತ ದೂರದ ಸ್ಥಳವೆಂದರೆ ನೀರಿನ ಟ್ಯಾಂಕಿನ ಹಿಂದಿರುವ ಪಂಪ್‌ಹೌಸ್ ಎಂಬುದು ನಿಜವೇ. ಆದರೆ ಅಳತೆ ಎಂದರೆ ಅಳತೆ. ಪಂಪ್‌ಹೌಸಿನವರೆಗೆ ಅಳೆದವನಿಗೆ ಪರದೇಶ ಯಾವ ಲೆಕ್ಕ!

"ಅಂಚೆ ಕಚೇರಿ ಹಿಂದಿನ ಚರಂಡಿ ಬರೆದ್ರಲ್ಲ, ಅದ್ರಲ್ಲಿ ನೀರು ಮೇಲಕ್ಕೆ ಹರೀಬೇಕಿತ್ತು," ಎಂದು ಇಂಥ ಹೊತ್ತಿನಲ್ಲೇ ನನ್ನ ಹೆಂಡತಿಗೆ ನೆನಪಾಗುತ್ತದೆ. ಅದು ಬೇರೆ ವಿಷಯ.

ಈ ವಿಷಯ ಶುರುವಾದದ್ದು ಅಕ್ಕನ ಫೋನಿನಿಂದ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಲವತ್ತನಾಲ್ಕು ವರ್ಷದ ಹಿಂದೆ ಭೂಮಿಯ ಇನ್ನೊಂದು ಮೂಲೆಯ ಆಸ್ಪತ್ರೆಗೆ ನರ್ಸ್ ಆಗಿ ಹೋದವಳು. ಗುಂಡಗಿರುವ ಭೂಮಿಗೆ ಮೂಲೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಭೂಮಿಯ ವಿಷಯ ನನಗೆ ಬಿಡಿ. ನಡುವೆ ಐದು ಸಲ ಬಂದಿದ್ದಳು. ಐದು ಸಲವೂ ಹೇಳದೆ ಕೇಳದೆ ಬಂದು, ಬಾಗಿಲು ಬಡಿದು, "ಯಾರಿದೀರಿ ಒಳಗೆ?" ಎಂದು ಕೂಗಿದವಳು. ಒಮ್ಮೆಯಂತೂ ನಾನು ಅರ್ಧ ಗಡ್ಡ ಹೆರೆದುಕೊಂಡು ಹೋಗಿ ಬಾಗಿಲು ತೆಗೆದಿದ್ದೆ. ಬರುವ ಹೊತ್ತನ್ನು ಮೊದಲೇ ಯಾಕೆ ತಿಳಿಸುವುದಿಲ್ಲ ಎಂದು ಕೇಳಿದರೆ ನಕ್ಕುಬಿಡುತ್ತಿದ್ದಳು.

ಈ ಸಲ ಹಾಗಲ್ಲ.

"ಕೆಲಸ ಮುಗೀತು ಕಣೋ ದಾರದುಂಡೆ," ಎಂದಳು ಫೋನಿನಲ್ಲಿ. "ಇನ್ನು ವಾಪಸ್ ಹೋಗಲ್ಲ. ನಿಮ್ಮನೆ ಹಿಂದಿನ ರೂಮು ಖಾಲಿ ಇದ್ಯಾ?"

ದಾರದುಂಡೆ ಎಂದರೆ ನಾನು. ಅರವತ್ತೊಂದು ವರ್ಷದ, ತಲೆಯ ಮೇಲೆ ಕೂದಲಿಗಿಂತ ಹೆಚ್ಚು ಜಾಗವಿರುವ ಈ ಮನುಷ್ಯನನ್ನು ಹಾಗೆ ಕರೆಯುವವರು ಈ ಲೋಕದಲ್ಲಿ ಇನ್ನು ಉಳಿದಿರುವುದು ಅವಳೊಬ್ಬಳೇ.

"ಖಾಲಿ ಇಲ್ದಿದ್ರೆ ಖಾಲಿ ಮಾಡಿಸ್ತೀನಿ, ಬಾ! ಯಾವತ್ತು? ಎಷ್ಟು ಗಂಟೆಗೆ ಇಳೀತೀಯ?"

"ಹೊರಡೋ ಹೊತ್ತು ಹೇಳ್ತೀನಿ. ಬರೋ ಶುಕ್ರವಾರ, ನಿಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ. ಎಲ್ಲೂ ನಿಲ್ಲಲ್ಲ, ಸೀದಾ ವಿಮಾನ. ಇಳಿಯೋ ಹೊತ್ತು ನೀನೇ ಲೆಕ್ಕ ಹಾಕ್ಕೋ."

"ಅಂದ್ರೆ?"

"ಅಂದ್ರೆ ನಮ್ಮ ಹಳೇ ಆಟ. ಯಾರನ್ನೂ ಕೇಳೋ ಹಾಗಿಲ್ಲ, ಫೋನಲ್ಲಿ ನೋಡೋ ಹಾಗಿಲ್ಲ. ನಾನು ಹೊರಗೆ ಬಂದಾಗ ಬಾಗಿಲಲ್ಲಿ ಮೊದಲು ಕಾಣೋ ಮುಖ ನಿಂದಾದ್ರೆ ನೀನು ಗೆದ್ದೆ."

"ನಂದೇ! ಬೇರೆ ಯಾರ ಮುಖ ಕಂಡ್ರೂ ನನ್ನ ಹೆಸರು ಬದಲಾಯಿಸು!"

"ಅದನ್ನ ಯಾವತ್ತೋ ಬದಲಾಯಿಸಿದೀನಲ್ಲ," ಎಂದು ನಕ್ಕು ಫೋನಿಟ್ಟಳು.

ಹಳೇ ಆಟ ಯಾವುದೆಂದು ಹೇಳಬೇಕು. ನಮ್ಮ ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದರು. ದಿನವಿಡೀ ಲೋಕದ ಕಾಗದಗಳೆಲ್ಲ ಅವರ ಬೆರಳ ಸಂದಿಯಲ್ಲಿ ಹಾದು ಹೋಗುತ್ತಿದ್ದವು. ಅವರು ಮಾತ್ರ ಬಸ್ ನಿಲ್ದಾಣದಿಂದಾಚೆ ಹೋದವರಲ್ಲ. ಮುಚ್ಚಿಹೋದ ಶಾಲೆಯೊಂದರ ಹರಾಜಿನಲ್ಲಿ ಒಂದು ಭೂಗೋಳವನ್ನು ತಂದು ಮನೆಯಲ್ಲಿಟ್ಟಿದ್ದರು. ದೊಡ್ಡ ಕುಂಬಳಕಾಯಿ ಗಾತ್ರದ್ದು, ಹಿಂದೆ ಹಿತ್ತಾಳೆಯ ಬಾಗಿದ ತೋಳು, ಕೆಳಗೆ ಮರದ ಪೀಠ. ಸಂಜೆ ಬಂದವರೇ ಸೈಕಲ್ ಗೋಡೆಗೊರಗಿಸಿ, ಕೈತೊಳೆದು, ಅಂದು ಕಣ್ಣಿಗೆ ಬಿದ್ದ ಅಂಚೆ ಚೀಟಿಯ ಊರನ್ನು ಹೇಳುತ್ತಿದ್ದರು. ಅಕ್ಕ ಭೂಗೋಳದ ಮೇಲೆ ಅದನ್ನು ಹುಡುಕುವುದು, ನಾನು ನಮ್ಮೂರಿನಿಂದ ಅಲ್ಲಿಗೆ ದಾರ ಹಿಡಿದು ಅಳೆಯುವುದು, ವಿಮಾನಕ್ಕೆ ಎಷ್ಟು ಗಂಟೆ ಎಂದು ಇಬ್ಬರೂ ಜಗಳವಾಡುವುದು. ಅಪ್ಪ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಹಾಗೆ ಕೂತಲ್ಲೇ ಅವರು ಸುತ್ತದ ದೇಶವಿರಲಿಲ್ಲ.

ಒಂದು ಸಲ ಮಾತ್ರ ಅನಾಹುತವಾಯಿತು. ನನಗಾಗ ಹತ್ತು ವರ್ಷ. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಹೇಳಿದ್ದರು. ಎಷ್ಟು ಜೋರಾಗಿ ತಿರುಗಬಲ್ಲದು ಎಂದು ಅವರು ಹೇಳಿರಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ದೊಡ್ಡವರಿಲ್ಲದಾಗ ನಾನು ಆ ಸಂಶೋಧನೆಗೆ ಕೈಹಾಕಿದೆ. ಭೂಮಿ ತೋಳು ಕಳಚಿಕೊಂಡು ಹಾರಿತು, ಹೊಸ್ತಿಲಿಗೆ ಬಡಿಯಿತು, ಮಂಚದ ಕಾಲಿಗೆ ಬಡಿಯಿತು, ಸರಿಯಾಗಿ ಸೊಂಟದಲ್ಲಿ ಎರಡು ಬಟ್ಟಲಾಗಿ ಒಡೆಯಿತು!

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಅಳ್ಬೇಡ. ಬೀದಿ ಬಾಗಿಲಲ್ಲಿ ನಿಂತ್ಕೋ. ಅಪ್ಪನ ಸೈಕಲ್ ಕಂಡ್ರೆ ಕೆಮ್ಮು," ಎಂದಳು. ನಾನು ಎರಡು ಗಂಟೆ ಕಾವಲು ನಿಂತೆ. ಅವಳು ಮಂಚದ ಕೆಳಗೆ ಕೂತು ಮೈದಾ ಹಿಟ್ಟಿನ ಅಂಟು ಕಲಸಿ ಭೂಮಿಯನ್ನು ಕೂಡಿಸಿದಳು. ಕೂಡಿಸಿದ ಗೆರೆ ಕಾಣದಂತೆ ತನ್ನ ಜಡೆಯ ಕೆಂಪು ರಿಬ್ಬನ್ನು ಬಿಚ್ಚಿ ಸುತ್ತ ಅಂಟಿಸಿದಳು. ನಾನು ಒಳಗೆ ಬಂದು ನೋಡಿದರೆ ಭೂಮಿ ಮೊದಲಿಗಿಂತ ಚೆಂದವಾಗಿತ್ತು!

ಸಂಜೆ ಅಪ್ಪ ಕನ್ನಡಕ ಸರಿಸಿ ನೋಡಿದರು. "ಇದೇನಮ್ಮ ಇದು?"

"ಸಮಭಾಜಕ ವೃತ್ತ ಅಪ್ಪ. ಎದ್ದು ಕಾಣ್ಲಿ ಅಂತ."

"ಹೂಂ," ಎಂದರು ಅಪ್ಪ. ಅಷ್ಟೇ.

ಅಕ್ಕ ಪರದೇಶಕ್ಕೆ ಹೊರಟಾಗ ಆಟ ಆಟವಾಗಿ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಒಂದಿತ್ತು. "ಇಳಿದ ತಕ್ಷಣ ಅಲ್ಲಿಗೆ ಮಾಡ್ತೀನಿ. ಮೂರೇ ನಿಮಿಷ ಕೊಡ್ತಾರೆ. ಅಮ್ಮನ್ನ ಕರ್ಕೊಂಡು ಬಂದಿರು," ಎಂದು ನನಗೆ ಹೇಳಿ ಹೋಗಿದ್ದಳು. ನಾನು ದಾರ ಹಿಡಿದು ಅಳೆದೆ. ನಡುವೆ ಎಣ್ಣೆ ತುಂಬಿಸಿಕೊಳ್ಳುವ ಹೊತ್ತನ್ನೂ ಸೇರಿಸಿದೆ. ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ಎಂದು ಘೋಷಿಸಿದೆ! ಅಮ್ಮ ಮದುವೆಗೆ ಹೊರಟವಳಂತೆ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟಳು. ಮೂರೂಮುಕ್ಕಾಲಿಗೆ ನಾವು ಅಂಗಡಿಯ ಮುಂದೆ.

ಔಷಧಿ ಅಂಗಡಿಯವರು ತಲೆ ಎತ್ತಿ ನೋಡಿ, "ಈಗ ಬಂದ್ರಾ?" ಎಂದರು. "ಒಂದು ಗಂಟೆಗೇ ಬಂತಲ್ಲ ಫೋನು. ಅಮ್ಮ ಅಮ್ಮ ಅಂತ ಕೂಗಿದ್ಲು. ಯಾರೂ ಬಂದಿಲ್ಲಮ್ಮ ಅಂದೆ. ಅತ್ತುಬಿಟ್ಲು ಪಾಪ. ನಾನೇನು ಮಾಡ್ಲಿ, ಮೂರು ನಿಮಿಷ ಸಮಾಧಾನ ಮಾಡ್ದೆ."

ಅಮ್ಮ ಮನೆಗೆ ಬಂದು ಬಟ್ಟೆ ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ನಾನು, "ಹಿಂದಿನಿಂದ ಗಾಳಿ ಜೋರಾಗಿ ಬೀಸಿರ್ಬೇಕಮ್ಮ, ಅದಕ್ಕೇ ವಿಮಾನ ಬೇಗ ಹೋಗಿದೆ," ಎಂದೆ. "ಗಾಳಿ ಮೇಲೆ ಹಾಕ್ಬೇಡ," ಎಂದಳು. ಮುಂದಿನ ಫೋನು ಬರಲು ನಾಲ್ಕು ತಿಂಗಳು ಬೇಕಾಯಿತು. ಆ ಸಂಜೆ ಅಪ್ಪ ಬಹಳ ಹೊತ್ತು ಭೂಗೋಳವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ದಾರ ಹಿಡಿದು ಕೂತಿದ್ದರು. ನನ್ನ ಲೆಕ್ಕದ ಜಾಣತನಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ!

ಅಂದಿನಿಂದ ಆ ಮೂರು ನಿಮಿಷ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಅಪ್ಪ ಅಮ್ಮ ಇಬ್ಬರೂ ಹೋದರು. ಮುಳ್ಳು ಹೋಗಲಿಲ್ಲ. ಅದಕ್ಕೇ ಈ ಸಲ ಬಾಗಿಲಲ್ಲಿ ಮೊದಲ ಮುಖ ನನ್ನದೇ ಆಗಬೇಕಿತ್ತು. ಇಷ್ಟು ಕಾಲ ತಡವಾದದ್ದನ್ನು ಒಂದೇ ಬಾಗಿಲಲ್ಲಿ ತೀರಿಸಿಬಿಡಬೇಕೆಂದು ನಿಶ್ಚಯಿಸಿದೆ.

ಅಟ್ಟದಿಂದ ಭೂಗೋಳ ಇಳಿಯಿತು. ಧೂಳು ಒರೆಸಿದೆ. ರಿಬ್ಬನ್ನಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಅಂಟು ಮಾತ್ರ ಬಿಟ್ಟಿರಲಿಲ್ಲ. ಮೂಸಿ ನೋಡಿದೆ. ಅಪ್ಪನ ಅಂಗಿಯ ವಾಸನೆ ಬಂದಂತಾಯಿತು; ಬಹುಶಃ ಧೂಳಿನದ್ದೇ ಇರಬೇಕು. ದಾರ ಹಿಡಿದೆ. ಆ ವಿಮಾನ ನಿಲ್ದಾಣದಿಂದ ನಮ್ಮ ವಿಮಾನ ನಿಲ್ದಾಣಕ್ಕೆ ಸರಿಯಾಗಿ ಮೂವತ್ತು ಸೆಂಟಿಮೀಟರ್. ಸೆಂಟಿಮೀಟರಿಗೆ ನಾನೂರಿಪ್ಪತ್ತು ಕಿಲೋಮೀಟರ್ ಎಂದರೆ ಹನ್ನೆರಡು ಸಾವಿರದ ಆರುನೂರು. ಗಂಟೆಗೆ ಒಂಬೈನೂರರಂತೆ ಹದಿನಾಲ್ಕು ಗಂಟೆ. ಹತ್ತಲು ಇಳಿಯಲು ಅರ್ಧ ಗಂಟೆ. ರಾತ್ರಿ ಒಂಬತ್ತೂವರೆಗೆ ಹೊರಟರೆ ಮಾರನೆಯ ದಿನ ಮಧ್ಯಾಹ್ನ ಹನ್ನೆರಡು!

"ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕ ಭೂಸ್ಪರ್ಶ ಮಾಡ್ತಾಳೆ!" ಎಂದು ಅಡುಗೆಮನೆಗೆ ಕೇಳುವಂತೆ ಸಾರಿದೆ.

ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಫೋನಲ್ಲಿ ನೋಡಿದ್ರೆ ಒಂದೇ ಕ್ಷಣ ಅಲ್ವೇನ್ರೀ?"

"ಫೋನು ಭೂಮೀನ ನೋಡಿದ್ಯಾ?"

"ನೀವು ನೋಡಿದೀರಾ?"

"ನೋಡು, ಇಲ್ಲೇ ತೊಡೆ ಮೇಲಿದೆ!"

ಅವಳು ಭೂಗೋಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ತುಟಿ ಅಲ್ಲಾಡಿತು, ಏನನ್ನೋ ಮನಸ್ಸಿನಲ್ಲೇ ಎಣಿಸುವವಳಂತೆ ಕಂಡಳು. "ಅಲ್ಲ, ಒಂಬತ್ತಕ್ಕೇ ಹೋಗಿ ಕೂತ್ಬಿಡೋಣ. ಬೇಗ ಹೋದ್ರೆ ಏನು ಗಂಟು ಹೋಗತ್ತೆ?"

"ಬೇಗ ಹೋಗೋದು ಲೆಕ್ಕ ಬಾರದೋರ ಲಕ್ಷಣ!" ಎಂದೆ. ಮೋಸಕ್ಕೆ ಅವಕಾಶವೇ ಬೇಡವೆಂದು ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಅವಳ ಕೈಗೇ ಕೊಟ್ಟೆ. ಯಾವ ಮಹಾರಾಜನೂ ಇಷ್ಟು ನಿಷ್ಠೆಯಿಂದ ತನ್ನ ಕೋಟೆಯ ಕೀಲಿಯನ್ನು ಶತ್ರುವಿಗೆ ಒಪ್ಪಿಸಿರಲಾರ.

ಮುಂದಿನ ಮೂರು ದಿನ ನಾನು ಬೋರ್ಡು ಬರೆದೆ. ನಿಲ್ದಾಣದ ಬಾಗಿಲಲ್ಲಿ ಎಲ್ಲರೂ ಹಿಡಿದು ನಿಲ್ಲುತ್ತಾರಲ್ಲ, ಅಂಥದ್ದು. ಆದರೆ ನನ್ನದು ನಕ್ಷೆಗಾರನ ಬೋರ್ಡು! ದಪ್ಪ ರಟ್ಟು, ಸುತ್ತ ಎರಡು ಗೆರೆಯ ಅಂಚು, ನಡುವೆ ಗೇಣುದ್ದದ ಅಕ್ಷರದಲ್ಲಿ 'ಅಕ್ಕ'. ಕೈ ತಡೆಯದೆ ಬಲ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಎಡ ಮೂಲೆಯಲ್ಲಿ ಅಳತೆಯ ಪ್ರಮಾಣವನ್ನೂ ಬರೆದುಬಿಟ್ಟೆ.

"ಇದ್ಯಾವ ಸೈಟಿನ ನಕ್ಷೆ?" ಎಂದಳು ಹೆಂಡತಿ.

ಶನಿವಾರ ಬೆಳಿಗ್ಗೆ ಏಳೂವರೆಗೆ ಅವಳು ಚಪ್ಪಲಿ ಮೆಟ್ಟಿ ಹೊರಟಳು. "ಟೈಲರ್ ಹತ್ರ ಹೋಗ್ಬರ್ತೀನಿ. ನೀವು ನಿಮ್ಮ ಲೆಕ್ಕದ ಪ್ರಕಾರ ಹೊರಡಿ."

"ಇವತ್ತೇ ಹೋಗ್ಬೇಕಾ?"

"ಇವತ್ತೇ ಕೊಡ್ತೀನಿ ಅಂದಿದಾನೆ," ಎಂದು ತಿರುಗಿ ನೋಡದೆ ಹೋದಳು. ಹೆಂಗಸರಿಗೆ ಯಾವಾಗ ಯಾವುದು ಮುಖ್ಯ ಎಂಬುದೇ ತಿಳಿಯುವುದಿಲ್ಲ ಎಂದು ನಾನು ಮರುಗಿದೆ.

ಹತ್ತಕ್ಕೆ ಪಕ್ಕದ ಮನೆಯ ಡ್ರೈವರಣ್ಣನ ಕಾರಿನಲ್ಲಿ ಹೊರಟೆ. ಡ್ರೈವರಣ್ಣ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಹಾರ್ನ್ ಇಲ್ಲದೆ ಮಾತೂ ಆಡಲಾರರು. ನನ್ನ ತೊಡೆಯ ಮೇಲೆ ಭೂಗೋಳ, ಅದರ ಮೇಲೆ ದಾರ, ದಾರದ ಮೇಲೆ ಒಂದು ಗುಂಡುಪಿನ್ನು. ಪಿನ್ನು ಎಂದರೆ ಅಕ್ಕ. ಬೆಳಗಿನಿಂದ ಗಂಟೆಗೊಮ್ಮೆ ಎರಡು ಸೆಂಟಿಮೀಟರ್‌ನಂತೆ ಅವಳನ್ನು ಮುಂದಕ್ಕೆ ಸರಿಸುತ್ತಿದ್ದೆ.

"ಈಗ ಎಲ್ಲಿದಾರೆ ಸಾರ್ ಅಕ್ಕಾವ್ರು?"

"ನಟ್ಟನಡು ಸಮುದ್ರದ ಮೇಲೆ. ಕೆಳಗೆ ನೀರು, ಮೇಲೆ ಆಕಾಶ."

"ಟೀಗೆ ಎಲ್ಲೂ ನಿಲ್ಲಿಸಲ್ವಾ?"

"ಆಕಾಶದಲ್ಲಿ ಎಲ್ರೀ ನಿಲ್ಲಿಸ್ತಾರೆ!"

"ಪಾಪ ಡ್ರೈವರ್," ಎಂದು ಡ್ರೈವರಣ್ಣ ಆ ಪೈಲಟ್‌ಗಾಗಿ ಹಾರ್ನ್ ಹೊಡೆದರು.

ಹನ್ನೊಂದಕ್ಕೆ ನಿಲ್ದಾಣ. ಹೊರಬಾಗಿಲ ಮುಂದಿನ ಕಂಬಿಗೆ ಎದೆಯಾನಿಸಿ ನಿಂತೆ. ಎಡಗಂಕುಳಲ್ಲಿ ಭೂಗೋಳ, ಬಲಗೈಯಲ್ಲಿ ಬೋರ್ಡು. ಕಾವಲಿನವನು ಬಂದ.

"ಏನ್ ಸಾರ್ ಇದು?"

"ಭೂಮಿ."

"ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ."

"ಭೂಮಿ ಬಿಟ್ಟು ಎಲ್ಲಿಗಪ್ಪ ಹೋಗ್ಲಿ?"

ಅವನು ತಲೆ ಕೆರೆದುಕೊಂಡು, "ಯಾವ ವಿಮಾನಕ್ಕೆ ಕಾಯ್ತಿದೀರಿ?" ಎಂದ. ಹೇಳಿದೆ. "ಅದು ಒಂಬತ್ತಕ್ಕೇ ಬಂತಲ್ಲ ಸಾರ್!"

ನಾನು ಕರುಣೆಯಿಂದ ನಕ್ಕೆ. "ಅದು ಬೇರೆ ಯಾವುದೋ ಇರ್ಬೇಕು. ನಮ್ಮದು ಇನ್ನೂ ಒಂಬೈನೂರು ಕಿಲೋಮೀಟರ್ ಆಚೆ ಇದೆ. ನೋಡು, ಪಿನ್ನು." ಅವನು ಪಿನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ತಲೆಯ ಮೇಲಿನ ದೊಡ್ಡ ಪರದೆಯಲ್ಲೂ ಅದನ್ನೇ ಬರೆದಿತ್ತು. ಪರದೆಗಳು ಕೆಡುವುದು ಲೋಕರೂಢಿ ಎಂದುಕೊಂಡು ಕಣ್ಣು ತಿರುಗಿಸಿದೆ.

ಬಾಗಿಲು ತೆರೆದಾಗಲೆಲ್ಲ ಬೋರ್ಡು ಎತ್ತಿದೆ. 'ಅಕ್ಕ' ಎಂದಷ್ಟೇ ಇದ್ದುದರಿಂದ ಹೊರಬಂದ ಹೆಂಗಸರೆಲ್ಲ ಒಂದು ಕ್ಷಣ ನಿಂತು, ಇವನು ನಮ್ಮವನೇ ಇರಬಹುದೇ ಎಂದು ದಿಟ್ಟಿಸಿ ಮುಂದೆ ಹೋದರು. ಒಬ್ಬ ಅಜ್ಜಿ ತನ್ನ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಅವರ ನಿಜವಾದ ತಮ್ಮ ಬಂದು ಕಸಿದುಕೊಂಡರು.

ಹನ್ನೆರಡಾಯಿತು. ಹನ್ನೆರಡೂಕಾಲಾಯಿತು. ಬಾಗಿಲಲ್ಲಿ ನೆಲ ಒರೆಸುವವಳೊಬ್ಬಳು ಬಿಟ್ಟರೆ ಯಾರೂ ಇಲ್ಲ. ನನ್ನ ಕೈ ಸೋತು ಬೋರ್ಡು ಹೊಟ್ಟೆಯ ಮಟ್ಟಕ್ಕೆ ಇಳಿಯಿತು. ಎದೆಯಲ್ಲಿ ಸಣ್ಣಗೆ ಔಷಧಿ ಅಂಗಡಿಯ ವಾಸನೆ ಎದ್ದಿತು. 'ಈಗ ಬಂದ್ರಾ?' ಎಂದು ಯಾರೋ ಕೇಳಿದಂತಾಯಿತು. ಅವಳು ಬಂದು, ಹುಡುಕಿ, ಯಾರೂ ಕಾಣದೆ, ಎಲ್ಲಿಗಾದರೂ ಹೋಗಿಬಿಟ್ಟಿದ್ದರೆ? ಅರವತ್ತೊಂದರ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ನನಗೆ ನಿಜವಾಗಿ ಅಳು ಬಂತು.

"ಏ ದಾರದುಂಡೆ!"

ಹಿಂದಿನಿಂದ. ಬಾಗಿಲ ಕಡೆಯಿಂದಲ್ಲ, ನನ್ನ ಬೆನ್ನಿನ ಹಿಂದಿನಿಂದ!

ತಿರುಗಿದೆ. ಹತ್ತು ಹೆಜ್ಜೆ ಹಿಂದೆ, ಟೀ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ಬೂದು ಬಣ್ಣದ ಕೋಟು, ಕಾಲ ಬಳಿ ಎರಡು ಪೆಟ್ಟಿಗೆ. ಪಕ್ಕದಲ್ಲಿ ಟೈಲರ್ ಹತ್ತಿರ ಹೋದ ನನ್ನ ಧರ್ಮಪತ್ನಿ! ಇಬ್ಬರ ನಡುವೆ ಕುಡಿದಿಟ್ಟ ಆರು ಟೀ ಲೋಟ.

"ಯಾವಾಗ... ಯಾವಾಗ ಬಂದೆ?"

"ಒಂಬತ್ತಕ್ಕೆ ಇಳಿದೆ. ಒಂಬತ್ತೂಮುಕ್ಕಾಲಿಗೆ ಹೊರಗೆ ಬಂದೆ. ಬಾಗಿಲಲ್ಲಿ ಮೊದಲು ಕಂಡಿದ್ದು ಇವಳ ಮುಖ."

"ನಾನು ಹನ್ನೊಂದಕ್ಕೇ ಬಂದ್ನಲ್ಲ! ಒಂದೂಕಾಲು ಗಂಟೆ ನನ್ನ ಬೆನ್ನ ಹಿಂದೇನೇ ಕೂತು ಒಂದು ಸಲ ಕೂಗ್ಲಿಲ್ವಲ್ಲೇ!"

"ನಾನು ಎರಡು ಸಲ ಎದ್ದೆ," ಎಂದಳು ಹೆಂಡತಿ. "ಅತ್ತಿಗೆನೇ ಕೈ ಹಿಡಿದು ಕೂರಿಸಿದ್ರು."

ಅಕ್ಕ ಲೋಟಗಳನ್ನು ಒಂದರೊಳಗೊಂದು ಇಡುತ್ತ ಹೇಳಿದಳು. "ಅಲ್ಲಿ ಎಷ್ಟು ಸಲ ಇಳಿದಿದೀನಿ, ಎಷ್ಟು ಸಲ ಆ ಬಾಗಿಲಿಂದ ಹೊರಗೆ ಬಂದಿದೀನಿ. ಎಲ್ರಿಗೂ ಯಾರಾದ್ರೂ ಒಬ್ರು ಬೋರ್ಡ್ ಹಿಡ್ಕೊಂಡು ನಿಂತಿರ್ತಿದ್ರು ಕಣೋ. ನನಗೆ ಯಾವತ್ತೂ ಯಾರೂ ಇರ್ಲಿಲ್ಲ. ಇವತ್ತು ನನಗೋಸ್ಕರ ಒಬ್ಬ ಕಾಯೋದನ್ನ ಕಣ್ತುಂಬ ನೋಡೋಣ ಅನ್ನಿಸ್ತು. ಪ್ರತಿ ಸಲ ಬಾಗಿಲು ತೆಗೆದಾಗ್ಲೂ ನೀನು ತುದಿಗಾಲಲ್ಲಿ ನಿಂತ್ಕೊಂಡು ಬೋರ್ಡ್ ಎತ್ತುತಿದ್ದೆ. ನಾನು ಎಣಿಸ್ದೆ. ಇಪ್ಪತ್ತಾರು ಸಲ."

ನಾನು ಬೋರ್ಡನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಉತ್ತರದ ಬಾಣವನ್ನು ಬೆರಳಿನಿಂದ ಸವರಿದಳು. ಮೂವರೂ ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡೆವು.

ಆದರೂ ಹುಟ್ಟುಗುಣ ಬಿಡುತ್ತದೆಯೇ? "ಗಾಳಿ, ಹಿಂದಿನಿಂದ ಜೋರಾಗಿ..." ಎಂದು ಶುರುಮಾಡಿದೆ.

"ಗಾಳಿ ಅಂದ್ರೆ ನೋಡು ಮತ್ತೆ!" ಎಂದು ಅಕ್ಕ ಭೂಗೋಳವನ್ನು ಕಸಿದುಕೊಂಡು ತಿರುಗಿಸಿ, ಹಿತ್ತಾಳೆಯ ತೋಳನ್ನು ಪಕ್ಕಕ್ಕೆ ಬಗ್ಗಿಸಿದಳು. ತೋಳಿನ ಹಿಂದೆ ಮೇಲಿನ ಅರ್ಧದಲ್ಲಿ ಒಂದು ತಗ್ಗು. ನೆಟ್ಟಗೆ ಅದರ ಕೆಳಗೆ, ಕೆಳಗಿನ ಅರ್ಧದಲ್ಲಿ ಒಂದು ತೂತು.

"ತಗ್ಗಾಗಿದ್ದು ಹೊಸ್ತಿಲು ತಾಗಿ. ತೂತಾಗಿದ್ದು ಮಂಚದ ಕಾಲು ತಾಗಿ. ಒಂದು ಇಲ್ಲಿ, ಒಂದು ಅಲ್ಲಿ ಇತ್ತು. ಎರಡನ್ನೂ ಅಪ್ಪನಿಂದ ಮುಚ್ಚಿಡ್ಬೇಕಲ್ಲ? ಕೆಳಗಿನ ಅರ್ಧಾನ ನಾಲ್ಕು ಬೆರಳು ತಿರುಗಿಸಿ ಅಂಟಿಸ್ದೆ. ಎರಡೂ ತೋಳಿನ ಹಿಂದೆ ಹೋದ್ವು. ಮತ್ತೆ ತಿರುಗದ ಹಾಗೆ ತೋಳಿನ ತುದಿಗೂ ಅಂಟು ಹಾಕ್ದೆ. ನನಗೂ ಆಗ ಅಷ್ಟೇ ಬುದ್ಧಿ!"

ಅವಳು ರಿಬ್ಬನ್ನಿನ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿದಳು. ನೋಡಿದೆ. ಶಿವನೇ! ಖಂಡಗಳ ಸೊಂಟ ಉಳುಕಿತ್ತು! ಮೇಲಿನ ದಡ ಒಂದು ಕಡೆ, ಕೆಳಗಿನ ದಡ ಇನ್ನೊಂದು ಕಡೆ. ನದಿಯೊಂದು ರಿಬ್ಬನ್ನಿನವರೆಗೆ ಬಂದು ದಾರಿ ಕಾಣದೆ ನಿಂತಿತ್ತು. ಐವತ್ತೊಂದು ವರ್ಷ ನಾನು ಇದೇ ಭೂಮಿಯ ಮೇಲೆ ದಾರ ಹಿಡಿದಿದ್ದೆ. ಶಾಲೆಯ ಗೋಡೆಯ ನಕ್ಷೆ ಬೇರೆ ತರಹ ಕಂಡಾಗ ಆ ನಕ್ಷೆಯೇ ತಪ್ಪೆಂದು ಮೇಷ್ಟರಿಗೆ ಹೇಳಿ ಬೆಂಚಿನ ಮೇಲೆ ನಿಂತಿದ್ದೆ! ಹುಟ್ಟಿದಂದಿನಿಂದ ನೋಡಿದ ಮುಖದ ಮೂಗು ಸೊಟ್ಟಗಿದ್ದರೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ.

"ನಾಲ್ಕು ಬೆರಳು ಅಂದ್ರೆ ಎರಡು ಸಾವಿರದ ಏಳುನೂರು ಕಿಲೋಮೀಟರ್," ಎಂದೆ ಕುಗ್ಗಿದ ದನಿಯಲ್ಲಿ. "ಮೂರು ಗಂಟೆ. ಆವತ್ತೂ ಮೂರೇ ಗಂಟೆ."

"ಹೂಂ. ನನಗೂ ಗೊತ್ತಿರ್ಲಿಲ್ಲ. ಇದು ಬಂದ್ಮೇಲೆ ಗೊತ್ತಾಯ್ತು," ಎಂದು ಅಕ್ಕ ಕೈಚೀಲದಿಂದ ಮಡಿಕೆಯಲ್ಲಿ ಹರಿದ ನೀಲಿ ಅಂಚೆ ಕಾಗದವೊಂದನ್ನು ತೆಗೆದಳು. ನೋಡಿದೊಡನೆ ಗುರುತು ಹತ್ತಿತು. ಅಪ್ಪನ ಅಕ್ಷರ. ಸಾಲುಗಳು ವಿಂಗಡಿಸಿಟ್ಟಂತೆ ಇದ್ದವು.

"ಚಿರಂಜೀವಿ ಮಗಳಿಗೆ ಆಶೀರ್ವಾದ. ಫೋನಿನ ವಿಷಯಕ್ಕೆ ನಿನ್ನ ತಮ್ಮನ ಮೇಲೆ ಸಿಟ್ಟಾಗಬೇಡ. ಅವನ ಲೆಕ್ಕ ಸರಿ ಇದೆ, ಭೂಮಿಯೇ ನಾಲ್ಕು ಬೆರಳು ತಿರುಗಿದೆ. ತಿರುಗಿಸಿದವರು ಯಾರೆಂದು ನಾನು ಕೇಳುವುದಿಲ್ಲ. ರಿಬ್ಬನ್ ಚೆನ್ನಾಗಿದೆ. ಬಿಚ್ಚಿ ಸರಿಮಾಡೋಣ ಎಂದು ಕೂತೆ, ನೀನು ಅಂಟಿಸಿದ್ದನ್ನು ಕೀಳಲು ಕೈ ಬರಲಿಲ್ಲ. ಹಾಗೇ ಇರಲಿ. ಇನ್ನು ಮುಂದೆ ಅವನು ಯಾವ ಹೊತ್ತು ಹೇಳಿದರೂ ಮೂರು ಗಂಟೆ ಕಳೆದುಕೋ. ಅವನಿಗೆ ಮಾತ್ರ ತಿಳಿಸಬೇಡ. ಹುಡುಗ ನಕ್ಷೆ ಬರೆಯುವುದನ್ನು ಕಲಿಯುತ್ತೇನೆ ಎನ್ನುತ್ತಿದ್ದಾನೆ."

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ಆ ಸಂಜೆ ಅಪ್ಪ ದಾರ ಹಿಡಿದು ಕೂತಿದ್ದು ಕಣ್ಣ ಮುಂದೆ ಬಂತು. ಒಂದು ಮಾತೂ ಆಡದೆ, ಸೊಟ್ಟ ಭೂಮಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಿದ್ದರು.

"ಅಮ್ಮನಿಗೆ?" ಎಂದೆ.

"ಗೊತ್ತಿತ್ತು. ಅದಕ್ಕೇ ನಾನು ಬರೋ ಹೊತ್ತು ನಿನಗೆ ಹೇಳ್ತಿರ್ಲಿಲ್ಲ. ನೀನು ಲೆಕ್ಕ ಹಾಕ್ತಿದ್ದೆ."

ಹೆಂಡತಿಯ ಕಡೆ ತಿರುಗಿದೆ. ಅವಳು ಟೀ ಲೋಟಗಳನ್ನು ಎತ್ತಿಕೊಂಡು, "ನನ್ನ ಯಾಕೆ ನೋಡ್ತೀರಿ?" ಎಂದಳು. "ಮದುವೆಯಾದ ವಾರದಲ್ಲೇ ಮಾವನೋರು ಕರೆದು ಹೇಳಿದ್ರು. ಅವತ್ತಿಂದ ಕಳೀತಾನೇ ಇದೀನಿ."

ಪೆಟ್ಟಿಗೆಗಳನ್ನು ಕಾರಿಗೆ ಹಾಕಿದೆವು. ಹಿಂದಿನ ಸೀಟಿನಲ್ಲಿ ಅಕ್ಕ, ಹೆಂಡತಿ, ನಡುವೆ ಬೋರ್ಡು. ಮುಂದೆ ನಾನು, ತೊಡೆಯ ಮೇಲೆ ಭೂಮಿ. ರಿಬ್ಬನ್ನಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸುತ್ತಿದ್ದೆ. ಕೀಳಲು ನನಗೂ ಕೈ ಬರಲಿಲ್ಲ. ಕಾರು ರಸ್ತೆಗಿಳಿಯಿತು. ಅಕ್ಕ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿದಳು.

"ಮನೆಗೆ ಎಷ್ಟು ಹೊತ್ತೋ?" ಎಂದು ಕೇಳಿದಳು.

ಬಾಯಿ ಸುಮ್ಮನಿದ್ದರೆ ಅದು ನನ್ನ ಬಾಯಿಯೇ ಅಲ್ಲ. "ಇಲ್ಲಿಂದ ಸರಿಯಾಗಿ ಒಂದು ಗಂಟೆ!" ಎಂದೆ.

ಹಿಂದಿನ ಸೀಟಿನಿಂದ ಎರಡು ದನಿ ಒಟ್ಟಿಗೆ ಬಂದವು. "ಮೂರು ಗಂಟೆ ಕಳೀರಿ!"

ಡ್ರೈವರಣ್ಣ ಸ್ಟೇರಿಂಗ್ ಮೇಲೆ ಬೆರಳು ಮಡಚಿ ಎಣಿಸಿದರು. ಎಣಿಸಿ, ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಉದ್ದಕ್ಕೆ ಒಂದು ಹಾರ್ನ್ ಹೊಡೆದು, ನನ್ನ ಕಡೆ ತಿರುಗಿದರು.

"ಹಾಗಾದ್ರೆ ನಾವು ಮನೆ ಸೇರಿ ಆಗ್ಲೇ ಎರಡು ಗಂಟೆ ಆಯ್ತು ಸಾರ್. ಇಳೀರಿ!"